ನೀಲಕವಚನ ಮಂಗಳ

ನಮ್ಮ ಮನೆಯಲ್ಲಿ ಕಥೆಯನ್ನು ಎಲ್ಲೆಂದರಲ್ಲಿ ನಿಲ್ಲಿಸುವ ಹಾಗಿರಲಿಲ್ಲ. ಅದು ಅಜ್ಜಿಯ ಕಾಯಿದೆ. ಮಧ್ಯಾಹ್ನ ಪುರಾಣ ಓದುವಾಗ ಬಾಗಿಲಿಗೆ ಬೀಗರು ಬಂದು ನಿಂತಿರಲಿ, ಒಲೆಯ ಮೇಲೆ ಹಾಲು ಉಕ್ಕುತ್ತಿರಲಿ, ರಾಜ ರಾಜ್ಯ ಕಳೆದುಕೊಂಡು ಕಾಡಿಗೆ ಹೊರಟಲ್ಲಿ, ರಾಣಿ ಅಳುತ್ತ ಕುಳಿತಲ್ಲಿ ಪುಸ್ತಕ ಮುಚ್ಚುವಂತಿಲ್ಲ. ಇನ್ನೂ ನಾಲ್ಕು ಪುಟವಾದರೂ ಸರಿ, ಓದಿಕೊಂಡು ಹೋಗಬೇಕು. ಅವರಿಗೆ ಒಂದು ನೆರಳು, ಒಂದು ಹೊತ್ತಿನ ಊಟ, ಯಾವುದೋ ಋಷಿಯ ಗುಡಿಸಲು ಸಿಕ್ಕ ಮೇಲೆಯೇ ಪುಸ್ತಕಕ್ಕೆ ಕೈಮುಗಿದು ಏಳಬೇಕು. ನಾನು ಆಟಕ್ಕೆ ಹೋಗುವ ಆತುರದಲ್ಲಿ ನಡುವೆಯೇ ಮುಚ್ಚಿದರೆ ಅಡುಗೆಮನೆಯಿಂದಲೇ ಕೂಗು ಬರುತ್ತಿತ್ತು.

“ಬಿದ್ದವರನ್ನ ಬಿದ್ದಲ್ಲೇ ಬಿಟ್ಟು ಏಳ್ತೀಯೇನು? ಎಬ್ಬಿಸಿ ಕೂಡ್ಸು. ಆಮ್ಯಾಲ ಮುಚ್ಚು.”

ಇಡೀ ಪುರಾಣ ಮುಗಿದ ದಿನ ಮಂಗಳ. ಪುಸ್ತಕಕ್ಕೆ ಆರತಿ, ಕೇಳಲು ಬಂದ ಹೆಂಗಸರಿಗೆ ಸಿಹಿ, ಉಡಿಗೆ ಒಂದೊಂದು ಹಣ್ಣು. ಮಂಗಳ ಆಗದ ಕಥೆ ಮನೆಯೊಳಗೇ ಸುತ್ತಾಡಿಕೊಂಡು ಇರುತ್ತದೆ, ಯಾರ ನಿದ್ದೆಯನ್ನಾದರೂ ಕೆಡಿಸುತ್ತದೆ ಎಂದು ಅಜ್ಜಿ ನಂಬಿದ್ದಳು. ಇದು ಯಾವ ಶಾಸ್ತ್ರದಲ್ಲಿ ಬರೆದಿದೆ ಎಂದು ನಾನು ಇವತ್ತಿನವರೆಗೂ ಹುಡುಕಿ ನೋಡಿಲ್ಲ. ಅಜ್ಜಿ ಹೇಳಿದಳಲ್ಲ, ಸಾಕು.

ಚಿತ್ತಾಪುರದ ಆ ಮನೆಗೆ ಮೂರು ಕೋಣೆ, ಒಂದು ಪಡಸಾಲೆ. ಗೋಡೆ ಕಲ್ಲಿನದು, ನೆಲಕ್ಕೆ ಶಹಾಬಾದಿನ ಫರಸಿ. ಅಜ್ಜಿ, ಅಮ್ಮ ಮತ್ತು ಅವರಿಗಿಂತ ಮೊದಲಿನವರು ನಡೆದಾಡಿ ಆ ಕಲ್ಲು ಎಷ್ಟು ನುಣುಪಾಗಿತ್ತೆಂದರೆ, ಬೇಸಗೆಯಲ್ಲಿ ನೀರು ಚಿಮುಕಿಸಿ ಅದರ ಮೇಲೆ ಕೆನ್ನೆಯಿಟ್ಟು ಮಲಗಿದರೆ ಎದ್ದೇಳಲು ಮನಸ್ಸಾಗುತ್ತಿರಲಿಲ್ಲ. ಅಡುಗೆಮನೆ ಅಜ್ಜಿಯ ರಾಜ್ಯ. ಅವಳು ಮಡಿಯುಟ್ಟು ಒಲೆಯ ಮುಂದೆ ಕುಳಿತಿದ್ದಾಗ ನಾವು ಹೊಸ್ತಿಲ ಈಚೆಗೇ ನಿಂತು ಮಾತಾಡಬೇಕು. ಮೈಲಿಗೆ ಮೈಯ ನಮ್ಮನ್ನು ಅವಳು ಮುಟ್ಟುತ್ತಿರಲಿಲ್ಲ, ಆದರೆ ಬೈಗುಳಕ್ಕೆ ಮಡಿ ಅಡ್ಡ ಬರುತ್ತಿರಲಿಲ್ಲ. ಅಪ್ಪ ವಾಡಿಯ ಒಂದು ಶಾಲೆಯಲ್ಲಿ ಹಿಂದಿ ಮಾಸ್ತರರು. ಬೆಳಿಗ್ಗೆ ಪ್ಯಾಸೆಂಜರ್ ಗಾಡಿಗೆ ಹೋಗಿ ಸಂಜೆ ಅದರಲ್ಲೇ ಮರಳುತ್ತಿದ್ದರು. ಬಿಳಿ ಅಂಗಿಯ ಕಾಲರಿನ ಮೇಲೆ ವಾಡಿಯ ಸಿಮೆಂಟಿನ ಧೂಳು ಕುಳಿತಿರುತ್ತಿತ್ತು, ಅದನ್ನು ಉಜ್ಜುತ್ತ ಅಮ್ಮ ದಿನವೂ ಅದೇ ಮಾತು ಗೊಣಗುತ್ತಿದ್ದಳು.

ಮೂರನೆಯ ಕೋಣೆ ಸುಧಾ ಅತ್ತೆಯದು. ಅಪ್ಪನ ತಂಗಿ. ಮದುವೆಯಾಗಿ ಸೇಡಮ್ಮಿಗೆ ಹೋದವಳು ಎರಡು ವರ್ಷಕ್ಕೆ ಒಂದು ಟ್ರಂಕಿನ ಜೊತೆ ಮರಳಿ ಬಂದಳು. ಅಲ್ಲಿ ಅವಳ ಗಂಡನ ತಾಯಿಯ ಮುತ್ತಿನ ನತ್ತು ಕಳೆದಿತ್ತು. ನೀನೇ ಕದ್ದೆ ಎಂದು ಯಾರೂ ಎದುರಿಗೆ ಅನ್ನಲಿಲ್ಲವಂತೆ. ಅಂಗಳದಲ್ಲಿ ಅವಳ ಟ್ರಂಕು ತೆಗೆಸಿ, ಓಣಿಯ ಮಂದಿ ನೋಡುತ್ತಿದ್ದಂತೆ ಒಂದೊಂದೇ ಸೀರೆ ಕೊಡವಿದರಂತೆ. ಏನೂ ಸಿಗಲಿಲ್ಲ. ಸಿಗದಿದ್ದದ್ದೂ ತಪ್ಪಾಯಿತು, ಎಲ್ಲೋ ಬಚ್ಚಿಟ್ಟಿದ್ದಾಳೆ ಎಂದಾಯಿತು. ಮರುದಿನವೇ ತವರಿಗೆ ಕಳಿಸಿದರು. ಬಂದ ದಿನ ಅತ್ತೆ ಟ್ರಂಕನ್ನು ಮೂಲೆಗೆ ಇಟ್ಟಳು. ಅದಕ್ಕೆ ಕಟ್ಟಿದ್ದ ಹಗ್ಗವನ್ನು ಬಿಚ್ಚಲಿಲ್ಲ, ಅಮ್ಮನ ಹಳೆಯ ಸೀರೆಗಳನ್ನೇ ಉಟ್ಟುಕೊಂಡು ಓಡಾಡಿದಳು. ಹೊರಗಿನವರು ಮನೆಗೆ ಬಂದರೆ ಎದ್ದು ಒಳಗೆ ಹೋಗುತ್ತಿದ್ದಳು. ಈ ವಿಷಯಕ್ಕೆ ಅಪ್ಪನಿಗೂ ಅಜ್ಜಿಗೂ ದೊಡ್ಡ ಜಗಳವೇ ಆಗಿತ್ತು. ಅಪ್ಪ ಸೇಡಮ್ಮಿಗೆ ಹೋಗಿ ಮಾತಾಡುತ್ತೇನೆ ಎನ್ನುವುದು, ಅಜ್ಜಿ ಬೇಡ, ತಾವಾಗಿ ಬರಲಿ ಎನ್ನುವುದು. ಇಬ್ಬರೂ ಅತ್ತೆಯನ್ನು ಮಾತ್ರ ಕೇಳಲಿಲ್ಲ. ನನಗಾಗ ಹನ್ನೊಂದು ವರ್ಷ, ನಾನೂ ಕೇಳಲಿಲ್ಲ. ನನಗೆ ಅವಳು ಇದ್ದದ್ದೇ ಖುಷಿ. ನನ್ನ ಜಡೆಯನ್ನು ನೋವಾಗದಂತೆ ಹೆಣೆಯುತ್ತಿದ್ದವಳು ಆ ಮನೆಯಲ್ಲಿ ಅವಳೊಬ್ಬಳೇ.

ಇಂಥ ಮನೆಯೊಳಗೆ ನೀಲಕವಚ ಬಂದದ್ದು ನನ್ನ ದಡ್ಡತನದಿಂದ. ಹಿಂದಿ ಮಾಸ್ತರರ ಮಗಳು ಹಿಂದಿಯಲ್ಲೇ ನಪಾಸಾದಳು ಎಂಬ ಸುದ್ದಿ ವಾಡಿಯವರೆಗೂ ಹೋಗಿತ್ತು. ಅಪ್ಪನಿಗೆ ಬೈಯಲು ಬರುತ್ತಿರಲಿಲ್ಲ. ಯುಗಾದಿ ಮುಗಿದ ವಾರ ಅವರು ವಾಡಿ ಸ್ಟೇಷನ್ನಿನ ಪುಸ್ತಕದ ಅಂಗಡಿಯಿಂದ ಒಂದು ಹಿಂದಿ ಕಾಮಿಕ್ಸ್ ತಂದು, ದಿನಕ್ಕೆ ನಾಲ್ಕು ಪುಟ ಓದಿ ಕನ್ನಡದಲ್ಲಿ ಹೇಳಬೇಕು ಎಂದು ಅಪ್ಪಣೆ ಮಾಡಿದರು. ಮೈತುಂಬ ನೀಲಿ ಲೋಹದ ಕವಚ ತೊಟ್ಟವನೊಬ್ಬ ಮುಖಪುಟದಲ್ಲಿ ಎದೆಯುಬ್ಬಿಸಿ ನಿಂತಿದ್ದ. ಆರು ಭಾಗದಲ್ಲಿ ಮುಗಿಯುವ ಕಥೆ, ಇದು ಮೊದಲನೆಯದು. ಅವನು ಒಂದು ನಗರವನ್ನು ಕಾಯುವವನು. ನಗರದ ಗೋಪುರದಲ್ಲಿ ಒಂದು ಸೂರ್ಯಮಣಿ, ಅದರ ಬೆಳಕಿನಿಂದಲೇ ಊರು ಬದುಕುವುದು. ಒಂದು ದಿನ ಮಣಿ ಕಳುವಾಗುತ್ತದೆ. ಕಾಯುವವನೇ ಕದ್ದ ಎಂದು ಊರವರು ಅವನ ಕವಚ ಕಳಚಿ, ಬಾಗಿಲಾಚೆ ದಬ್ಬಿ, ಕದ ಹಾಕಿಕೊಳ್ಳುತ್ತಾರೆ. ಕದ ಹಾಕಿದ ಚಿತ್ರಕ್ಕೆ ಮೊದಲ ಭಾಗ ಮುಗಿಯಿತು.

ನಾನು ಇದನ್ನು ಪಡಸಾಲೆಯಲ್ಲಿ ಗಟ್ಟಿಯಾಗಿ ಹೇಳುತ್ತಿದ್ದೆ. ಅಜ್ಜಿ ಕೈ ಮುಟ್ಟದೆ, ಮೊಳ ದೂರದಿಂದ ಚಿತ್ರ ನೋಡುತ್ತ ಕೇಳಿದಳು. ನಾನು ಪುಸ್ತಕ ಮುಚ್ಚಿದೆ.

“ಮುಂದ?”

“ಮುಂದ ಇಲ್ಲಜ್ಜಿ. ಬರೋ ತಿಂಗಳ ಬರ್ತದ.”

“ಬರೋ ತಿಂಗಳತನಕ ಅಂವ ಬಾಗಿಲ ಹೊರಗ ನಿಂದರಬೇಕೇನು? ಯಾವ ಸೀಮಿ ಕಥಿ ಇದು! ಒಂದು ಗಿಡದ ಬುಡಕ್ಕರೆ ಕೂಡ್ಸು.”

ಹೀಗೆ ನಾನು ಮೊದಲ ಸಲ ಪುಸ್ತಕದಲ್ಲಿ ಇಲ್ಲದ್ದನ್ನು ಹೇಳಿದೆ. ನೀಲಕವಚ ನಡೆಯುತ್ತ ಒಂದು ಬೇವಿನ ಗಿಡದ ಬುಡಕ್ಕೆ ಬಂದ, ಅಲ್ಲಿ ಒಬ್ಬ ಮುದುಕಿ ಅವನಿಗೆ ಎರಡು ಜೋಳದ ಭಕ್ಕರಿ, ಉಳ್ಳಾಗಡ್ಡಿ ಕೊಟ್ಟಳು ಎಂದೆ. ನಮ್ಮ ಮನೆಯಲ್ಲಿ ಉಳ್ಳಾಗಡ್ಡಿ ಒಳಗೆ ಬರುವಂತಿರಲಿಲ್ಲ. ಆದರೂ ಅಜ್ಜಿ ಆಕ್ಷೇಪ ಎತ್ತಲಿಲ್ಲ. ಹಸಿದವನಿಗೆ ಏನಾದರೇನು ಎಂದಳು. ಅಂದಿನಿಂದ ಪ್ರತಿ ಭಾಗಕ್ಕೂ ಇದೇ ಕೆಲಸ. ಕಾಮಿಕ್ಸಿನವರು ಪ್ರತಿ ಸಲವೂ ಅವನನ್ನು ಬಾವಿಗೋ ಬೆಂಕಿಗೋ ತಳ್ಳಿ ‘ಮುಂದಿನ ಭಾಗದಲ್ಲಿ’ ಎಂದು ಬರೆದು ಕೈ ತೊಳೆದುಕೊಳ್ಳುತ್ತಿದ್ದರು. ನಾನು ಅವನನ್ನು ಎತ್ತಿ, ಮೈಯೊರೆಸಿ, ಉಣ್ಣಿಸಿ ಮಲಗಿಸುತ್ತಿದ್ದೆ. ಇವತ್ತು ನಾನು ನಾಲ್ಕು ಜನ ಓದುವಂಥ ಕಥೆ ಬರೆಯುತ್ತೇನೆಂದರೆ, ಆ ವಿದ್ಯೆ ಕಲಿತದ್ದು ಅಲ್ಲಿ. ಆ ಕಾಮಿಕ್ಸಿನವರ ಸೋಮಾರಿತನಕ್ಕೂ ಅಜ್ಜಿಯ ಹಟಕ್ಕೂ ನಾನು ಋಣಿ.

ಎರಡನೆಯ ಭಾಗದ ಹೊತ್ತಿಗೆ ಪಕ್ಕದ ಮನೆಯ ಶರಣಮ್ಮ ಬರತೊಡಗಿದಳು. ತೆಂಗಳಿ ಊರಿನ ಗಟ್ಟಿ ಹೆಣ್ಣುಮಗಳು, ಲಿಂಗಾಯತರ ಮನೆಯವಳು, ಬಾಯಿ ಜೋರು, ಮನಸ್ಸು ಬೆಣ್ಣೆ. ಅವಳ ಹಿಂದೆ ಓಣಿಯ ಇನ್ನೂ ನಾಲ್ಕೈದು ಜನ. ಬರುವ ಚಾತುರ್ಮಾಸ ಮುಗಿಯುವುದರೊಳಗೆ ದೇವರಿಗೆ ಲಕ್ಷ ಬತ್ತಿ ಹೊಸೆದು ಕೊಡುವ ಹರಕೆ ಅಜ್ಜಿಗಿತ್ತು. ಎಲ್ಲರೂ ಅರಳೆ ಹಿಡಿದು ಬತ್ತಿ ಹೊಸೆಯುತ್ತ ಕೇಳುತ್ತಿದ್ದರು. ನೀಲಕವಚ ಎಂಬ ಹೆಸರು ಯಾರ ಬಾಯಲ್ಲೂ ನಿಲ್ಲದೆ, ಅವನು ನೀಲಪ್ಪ ಆದ. ಅತ್ತೆ ಹೊರಗೆ ಬರುತ್ತಿರಲಿಲ್ಲ. ತನ್ನ ಕೋಣೆಯ ಬಾಗಿಲ ಒಳಗೆ ಕುಳಿತು ತಾನೂ ಬತ್ತಿ ಹೊಸೆಯುತ್ತಿದ್ದಳು. ನಾನು ಕುಳಿತಲ್ಲಿಂದ ಅವಳ ಕೈಯೆರಡೇ ಕಾಣುತ್ತಿದ್ದವು. ನೀಲಪ್ಪನನ್ನು ಯಾರಾದರೂ ಕಳ್ಳ ಎಂದಾಗ ಆ ಕೈ ನಿಲ್ಲುತ್ತಿತ್ತು. ಮೂರನೆಯ ಭಾಗಕ್ಕೆ ಅವಳು ಹೊಸ್ತಿಲ ತನಕ ಸರಿದಿದ್ದಳು. ಐದನೆಯದಕ್ಕೆ ಹೊಸ್ತಿಲ ಮೇಲೇ ಕುಳಿತಿದ್ದಳು. ಐದನೆಯದರ ಕೊನೆಗೆ, ಮಣಿ ಕದ್ದವನು ನಗರದ ಮಂತ್ರಿ ಎಂದು ನಮಗೆಲ್ಲ ಗೊತ್ತಾಯಿತು, ಊರವರಿಗೆ ಇನ್ನೂ ಗೊತ್ತಾಗಿರಲಿಲ್ಲ. ಶರಣಮ್ಮ ತೊಡೆ ತಟ್ಟಿದಳು.

“ಹೆಸರು ತೊಳದು ಕೊಡಬೇಕು ನೋಡ್ರಿ ಅವನಿಗಿ! ಊರಿಗೂರೇ ಬಂದು ತಪ್ಪಾತು ಅನಬೇಕು. ಇಲ್ಲಂದ್ರ ಇಷ್ಟು ದಿನ ಯಾತಕ್ಕ ಕೇಳಿದ್ವಿ?”

ಯಾರೂ ಹೊಸ್ತಿಲ ಕಡೆ ನೋಡಲಿಲ್ಲ. ನೋಡದೇ ಇದ್ದದ್ದರಿಂದಲೇ ಎಲ್ಲರ ಮನಸ್ಸಿನಲ್ಲಿ ಏನಿದೆ ಎಂದು ನನಗೆ ತಿಳಿಯಿತು.

ಆಮೇಲೆ ಎರಡು ತಿಂಗಳು ಆರನೆಯ ಭಾಗದ ಸುಳಿವೇ ಇಲ್ಲ. ಅಪ್ಪ ದಿನವೂ ವಾಡಿಯ ಅಂಗಡಿಯಲ್ಲಿ ವಿಚಾರಿಸುತ್ತಿದ್ದರು. ಅಪ್ಪ ಗಾಡಿಯೊಳಗೆ ಪ್ರತಿ ಭಾಗವನ್ನೂ ನಮಗಿಂತ ಮೊದಲೇ ಓದಿ ಮುಗಿಸುತ್ತಾರೆ, ಮನೆಗೆ ಬಂದು ಏನೂ ಗೊತ್ತಿಲ್ಲದವರಂತೆ ಪಡಸಾಲೆಯ ಕಂಬಕ್ಕೆ ಆತು ಕೇಳುತ್ತಾರೆ ಎಂಬುದು ನನಗೆ ಗೊತ್ತಿತ್ತು. ಇತ್ತ ಅಜ್ಜಿ ನೀಲಪ್ಪನ ಕಥೆಗೂ ಮಂಗಳ ಮಾಡುವುದೇ ಎಂದು ಹಟ ಹಿಡಿದಳು. ಅಮ್ಮನಿಗೆ ನಾಚಿಕೆ.

“ಹುಡುಗರು ಓದೋ ಕಿತಾಬಕ್ಕ ಮಂಗಳಾರತಿ ಅಂದ್ರ ಮಂದಿ ನಗ್ತಾರರೀ ಅತ್ತಿ.”

“ನಗಲಿ. ಆರು ತಿಂಗಳಿಂದ ಕೇಳ್ಲಿಕತ್ತೀವಿ. ಕೇಳಿದ ಕಥಿ ಮುಗಿಸಿ ಕಳಿಸಬೇಕು. ಅರಿಷಿಣ ಕುಂಕುಮ ದೇವರ ಪುಸ್ತಕಕ್ಕ. ನೀಲಪ್ಪಗ ಒಂದು ಹೂವು ಸಾಕು.”

ಕೊನೆಗೂ ಆರನೆಯದು ಬಂದಾಗ ಕಾರ್ತಿಕ. ಚಾತುರ್ಮಾಸದ ಕೊನೆಯ ತಿಂಗಳು, ಬೇಳೆ ಮುಟ್ಟುವಂತಿಲ್ಲ. ಮಂಗಳಕ್ಕೆ ಕಡಲೆಬೇಳೆಯ ಹಯಗ್ರೀವ ಇಲ್ಲ, ಕೋಸಂಬರಿ ಇಲ್ಲ, ಅಮ್ಮ ಶಾವಿಗೆ ಪಾಯಸಕ್ಕೆ ಹಾಲು ಕಾಯಿಸತೊಡಗಿದ್ದಳು. ಪುಸ್ತಕ ಶನಿವಾರ ಸಿಗುತ್ತದೆಂದು ಅಂಗಡಿಯವನು ಮೊದಲೇ ಹೇಳಿದ್ದರಿಂದ ಓಣಿಯವರನ್ನು ಅವತ್ತಿಗೇ ಕರೆದಿದ್ದೆವು, ಅಪ್ಪ ಮಧ್ಯಾಹ್ನವೇ ಬಂದರು. ಮುಖ ಸಣ್ಣದಾಗಿತ್ತು. ಪುಸ್ತಕವನ್ನು ನನ್ನ ಕೈಗೆ ಕೊಡುವ ಮೊದಲು ಅಮ್ಮನನ್ನು ಮೆಲ್ಲಗೆ ಕೇಳಿದರು.

“ಮಂಗಳಾ ಮುಂದಿನ ವಾರ ಇಟ್ಟುಕೊಂಡ್ರ ಆಗೂದಿಲ್ಲೇನು?”

“ಶಾವಿಗಿ ಹಾಕೇ ಬಿಟ್ಟೀನ್ರಿ. ಮಂದಿ ಬರೋ ಹೊತ್ತಾತು.”

ನನಗೆ ಒಂದು ಸಲ ಓದಿ ನೋಡುವಷ್ಟು ವೇಳೆ ಸಿಕ್ಕಿತು. ಬಚ್ಚಲಮನೆಯ ಕಟ್ಟೆಯ ಮೇಲೆ ಕುಳಿತು ಓದಿದೆ. ಓದುತ್ತ ಓದುತ್ತ ಸಿಟ್ಟಿನಿಂದ ಮೈ ಉರಿಯಿತು. ನಾಲ್ಕನೆಯ ಪುಟದಲ್ಲಿ ಆಕಾಶದಿಂದ ಹಸಿರು ಅಂಗಿಯವನೊಬ್ಬ ಇಳಿಯುತ್ತಾನೆ. ಐದು ಭಾಗಗಳಲ್ಲಿ ಅವನ ಹೆಸರೇ ಇಲ್ಲ, ಎಲ್ಲಿಯವನೋ ಏನೋ. ಬಂದವನೇ ಎರಡು ಪುಟದಲ್ಲಿ ಮಂತ್ರಿಯನ್ನು ಬಡಿದು ಹಾಕುತ್ತಾನೆ, ಮಣಿಯನ್ನು ಗೋಪುರಕ್ಕೆ ಇಡುತ್ತಾನೆ, ಊರು ಅವನಿಗೆ ಹಾರ ಹಾಕುತ್ತದೆ. ನಮ್ಮ ನೀಲಪ್ಪ ಕೊನೆಯ ಪುಟದ ಮೂಲೆಯಲ್ಲಿ, ಬೆಂಕಿಪೆಟ್ಟಿಗೆಯಷ್ಟು ಚಿತ್ರದಲ್ಲಿ, ಗುಂಪಿನ ನಡುವೆ ನಿಂತು ಚಪ್ಪಾಳೆ ಹೊಡೆಯುತ್ತಿದ್ದಾನೆ! ನೀನು ಕದ್ದಿರಲಿಲ್ಲ ಎಂದು ಅವನಿಗೆ ಒಬ್ಬರೂ ಹೇಳುವುದಿಲ್ಲ. ಕೆಳಗೆ ದಪ್ಪ ಅಕ್ಷರದಲ್ಲಿ, ಹಸಿರು ಅಂಗಿಯವನ ಸ್ವಂತ ಕಾಮಿಕ್ಸ್ ಮುಂದಿನ ತಿಂಗಳು, ತಪ್ಪದೇ ಕೊಳ್ಳಿರಿ. ಹೊಸಬನನ್ನು ಮಾರುವುದಕ್ಕೆ ಹಳಬನನ್ನು ಬಲಿ ಕೊಟ್ಟಿದ್ದರು. ಈಗ ಇಂಥ ವ್ಯಾಪಾರ ನನಗೆ ಅರ್ಥವಾಗುತ್ತದೆ. ಆಗ ಅತ್ತದ್ದೂ ನಿಜ. ಪುಸ್ತಕವನ್ನು ಹಂಡೆಯ ಒಲೆಗೆ ಹಾಕಿಬಿಡಲೇ ಎಂದುಕೊಂಡೆ. ಆದರೆ ಪಡಸಾಲೆಯಲ್ಲಿ ಆಗಲೇ ಬಳೆಗಳ ಸದ್ದು ಕೇಳುತ್ತಿತ್ತು.

ಹೊರಗೆ ಬಂದು ನೋಡಿದರೆ ಅತ್ತೆ ಪಡಸಾಲೆಯಲ್ಲಿ ಕುಳಿತಿದ್ದಳು. ಹೊಸ್ತಿಲ ಮೇಲೆ ಅಲ್ಲ, ಹೆಂಗಸರ ನಡುವೆ, ಶರಣಮ್ಮನ ಪಕ್ಕದಲ್ಲಿ. ಒಂದು ವರ್ಷದ ಮೇಲೆ ಮೊದಲ ಸಲ. ತಲೆಗೆ ಹೂ ಮುಡಿದಿದ್ದಳು. ಅವಳು ಏನು ಕೇಳಲಿಕ್ಕೆ ಬಂದಿದ್ದಾಳೆ ಎಂದು ಗೊತ್ತಿದ್ದೂ ನಾನು ಆ ಪುಸ್ತಕವನ್ನು ಅದು ಇದ್ದ ಹಾಗೆ ಓದಿದರೆ, ಎದ್ದು ಒಳಗೆ ಹೋದವಳು ಮತ್ತೆ ಯಾವತ್ತು ಹೊರಗೆ ಬಂದಾಳು? ಪುಸ್ತಕ ತೆರೆದು, ಮೊದಲ ಪುಟವನ್ನು ದಿಟ್ಟಿಸುತ್ತ, ಅದರಲ್ಲಿ ಇಲ್ಲದ್ದನ್ನು ಹೇಳತೊಡಗಿದೆ.

ನೀಲಪ್ಪನಿಗೆ ಭಕ್ಕರಿ ಕೊಟ್ಟ ಬೇವಿನ ಗಿಡದ ಮುದುಕಿಯನ್ನು ಮತ್ತೆ ಕರೆದೆ. ಮಂತ್ರಿ ಮಣಿಯನ್ನು ತನ್ನ ಪೇಟದೊಳಗೆ ಮುಚ್ಚಿಟ್ಟಿದ್ದ ಎಂದೆ. ಮುದುಕಿ ಇಲಿ ಬಂತೆಂದು ಕೂಗಿದಾಗ ಅದನ್ನು ಹಿಡಿಯಲು ಅವನು ಕಣಜದೊಳಗೆ ಬಗ್ಗಿದ, ಪೇಟ ಬಿದ್ದು, ಮಣಿ ಉರುಳಿ, ಇಡೀ ಊರು ನೋಡಿತು ಎಂದೆ. ಹೆಂಗಸರು ಹೋ ಎಂದು ನಕ್ಕರು. ಹೇಳುವ ರಭಸದಲ್ಲಿ ನನಗೆ ಪುಟ ತಿರುಗಿಸುವುದೇ ಮರೆತುಹೋಗಿತ್ತು. ಅಷ್ಟು ಹೊತ್ತು ಒಂದೇ ಪುಟ. ಆಗ ಹಿಂದಿನಿಂದ ಸಿಮೆಂಟಿನ ಧೂಳು ಮೆತ್ತಿದ ಒಂದು ತೋಳು ನನ್ನ ಭುಜದ ಮೇಲಿಂದ ಬಂತು. ಅಪ್ಪ ಪುಟ ತಿರುಗಿಸಿದರು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಪುಟ. ಹಿಂದಿಯ ಒಂದಕ್ಷರವನ್ನೂ ತಪ್ಪಾಗಿ ಓದಲು ಬಿಡದಿದ್ದ ಮಾಸ್ತರರು ಅವತ್ತು ನಾನು ಹೇಳಿದ ಸುಳ್ಳಿಗೆಲ್ಲ ಪುಟ ತಿರುಗಿಸುತ್ತ ಕುಳಿತರು. ಶರಣಮ್ಮ ಮಾತ್ರ ಮುಂದೆ ಬಗ್ಗಿ ನೋಡಿದಳು.

“ಈ ಹಸರಂಗಿಯಂವ ಯಾರವ್ವಾ? ಕಥಿಯಾಗ ಬರಲೇ ಇಲ್ಲ?”

ಅಪ್ಪ ಕನ್ನಡಕ ಸರಿಮಾಡಿಕೊಂಡರು.

“ಅದು ಜಾಹೀರಾತು ಶರಣಮ್ಮ. ಹಂಗೇ ನಡುವ ನಡುವ ಹಾಕಿರ್ತಾರ. ನೀ ಓದು ಪದ್ಮಿ.”

ಅಪ್ಪ ಸುಳ್ಳು ಹೇಳಲಿಲ್ಲ, ಅದು ಜಾಹೀರಾತೇ ಆಗಿತ್ತು.

ಕೊನೆಗೆ ಊರಿನ ಹಿರಿಯರೆಲ್ಲ ಕವಚವನ್ನು ತಟ್ಟೆಯಲ್ಲಿಟ್ಟುಕೊಂಡು ಮುದುಕಿಯ ಗುಡಿಸಲಿಗೆ ಬಂದರು, ತಪ್ಪಾಯಿತು ಎಂದರು, ವಾಪಸ್ ಬಾ ಎಂದು ಕೈಮುಗಿದರು. ಅವನು ಕವಚ ತೊಟ್ಟು ಊರಿಗೆ ಹೋದ, ಎಲ್ಲರೂ ಸುಖವಾಗಿದ್ದರು ಎಂದು ಮುಗಿಸಬೇಕೆಂದೇ ನಾನಿದ್ದೆ. ಅಷ್ಟರಲ್ಲಿ ಅತ್ತೆಯ ಕೈ ಕಾಣಿಸಿತು. ಬತ್ತಿ ಹೊಸೆಯುವುದನ್ನು ನಿಲ್ಲಿಸಿ, ಅರಳೆಯನ್ನು ಮುಷ್ಟಿಯಲ್ಲಿ ಹಿಸುಕುತ್ತಿದ್ದಳು. ಸೇಡಮ್ಮಿನವರೂ ಹೀಗೇ ಬಂದು ಕರೆದು ಅವಳು ಹೋಗಿಬಿಟ್ಟರೆ ಎಂದು ನನಗೆ ಒಮ್ಮೆಲೇ ಭಯವಾಯಿತು. ನನ್ನ ಜಡೆ, ನನ್ನ ಪಕ್ಕದ ಹಾಸಿಗೆ, ಎಲ್ಲ ನೆನಪಾಯಿತು. ನನ್ನ ಸ್ವಾರ್ಥಕ್ಕೆ ನೀಲಪ್ಪನ ಬಾಯಿಂದ ಬೇರೆ ಮಾತು ಹೊರಡಿಸಿದೆ.

“ಅಂವ ಅಂದ, ಬರ್ರಿ, ಕುಂದ್ರಿ, ನೀರು ಕುಡೀರಿ. ಮಣಿ ಸಿಕ್ಕಿದ್ದು ಭಾಳ ಛಲೋ ಆತು. ಆದ್ರ ನಾ ಬರಂಗಿಲ್ಲ. ಕವಚ ಇಲ್ಲದಾಗ ನನ್ನ ಯಾರು ಇಟ್ಟುಕೊಂಡ್ರು, ನಾ ಅವರ ಮನ್ಯಾಗೇ ಇರ್ತೀನಿ.”

ಆಮೇಲೆ ಅಜ್ಜಿ “ಶುಭಂ” ಎಂದು ದೂರದಿಂದಲೇ ಒಂದು ಚೆಂಡುಹೂವನ್ನು ಪುಸ್ತಕದ ಮೇಲೆ ಎಸೆದಳು. ಆರತಿ ಹಾಡಲು ಅಮ್ಮ ಬಾಯಿ ತೆರೆಯುವ ಮೊದಲೇ ಅತ್ತೆ ಹಾಡತೊಡಗಿದ್ದಳು. ಅವಳಿಗೆ ಅಷ್ಟು ಒಳ್ಳೆಯ ಕಂಠವಿತ್ತೆಂದು ನಾನು ಮರೆತೇ ಬಿಟ್ಟಿದ್ದೆ. ಶರಣಮ್ಮ ಎರಡು ಬಟ್ಟಲು ಪಾಯಸ ಕುಡಿದು, ಇಂಥ ಕಥೆ ಬರೆದವನ ಹೊಟ್ಟೆ ತಣ್ಣಗಿರಲಿ ಎಂದು ಹರಸಿ ಹೋದಳು. ಅಪ್ಪ ನನ್ನ ಮುಖ ನೋಡಿ ಇನ್ನೊಂದು ಸೌಟು ಪಾಯಸ ಬಡಿಸಿದರು. ಅವರು ನನಗೆ ಕೊಟ್ಟ ಬಹುಮಾನಗಳಲ್ಲಿ ಅದಕ್ಕಿಂತ ದೊಡ್ಡದು ಇಲ್ಲ.

ಮಾಘದಲ್ಲಿ ಸೇಡಮ್ಮಿನಿಂದ ಇಬ್ಬರು ಹಿರಿಯರು ಬಂದರು. ಸುಣ್ಣ ಹೊಡೆಯಲೆಂದು ದೇವರ ಕೋಣೆಯ ಹಳೆಯ ಕಪಾಟು ಸರಿಸಿದಾಗ ಅದರ ಹಿಂದಿನ ಸಂದಿಯಲ್ಲಿ ನತ್ತು ಸಿಕ್ಕಿತ್ತಂತೆ. ಆದದ್ದು ಆಗಿ ಹೋಯಿತು, ಮಗಳನ್ನು ಕಳಿಸಿಕೊಡಿ ಎಂದರು. ಅಪ್ಪ ಅಜ್ಜಿಯ ಮುಖ ನೋಡಿದರು, ಅಜ್ಜಿ ಅಪ್ಪನ ಮುಖ. ಅತ್ತೆ ಎರಡು ತಂಬಿಗೆ ನೀರು, ಎರಡು ಲೋಟ ತಂದು ಅವರ ಮುಂದೆ ಇಟ್ಟಳು.

“ಕುಂದ್ರಿ, ನೀರು ಕುಡೀರಿ. ನತ್ತು ಸಿಕ್ಕಿದ್ದು ಭಾಳ ಛಲೋ ಆತು. ಆದ್ರ ನಾ ಬರಂಗಿಲ್ಲ.”

ಹಿರಿಯರು ಇನ್ನೂ ಒಂದು ತಾಸು ಏನೇನೋ ಹೇಳಿದರು. ಕೊನೆಗೆ ಅಜ್ಜಿ ಅಪ್ಪನ ಕಡೆ ತಿರುಗಿ, ಅವಳು ಹೇಳಿದ್ದು ಕೇಳಿಸಿತಲ್ಲ ಎಂದಳು. ಅಪ್ಪ ಹೌದೆಂದರು. ಅಲ್ಲಿಗೆ ಮುಗಿಯಿತು. ನಾನು ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದೆ. ಇದು ನನ್ನ ಮಾತು. ನನ್ನ ಜಡೆಯ ಆಸೆಗೆ ನಾನು ಕಟ್ಟಿದ ಸುಳ್ಳು. ಅದನ್ನು ನಂಬಿ ಇವಳು ಸಂಸಾರ ಬಿಟ್ಟಳಲ್ಲ!

ಹಿರಿಯರು ಹೋದ ಮೇಲೆ ಅತ್ತೆಯ ಕೋಣೆಗೆ ಹೋದೆ. ಅವಳು ಈಳಿಗೆ ತಂದು ಟ್ರಂಕಿನ ಹಗ್ಗ ಕೊಯ್ಯುತ್ತಿದ್ದಳು. ಗಂಟು ಬಿಚ್ಚಲಾಗದಷ್ಟು ಬಿಗಿದುಹೋಗಿತ್ತು. ನಾನು ಅಳುತ್ತ ಎಲ್ಲವನ್ನೂ ಒಪ್ಪಿಕೊಂಡೆ. ಪುಸ್ತಕದಲ್ಲಿ ಹಾಗಿಲ್ಲ ಅತ್ತೆ, ಅವನು ಅಲ್ಲಿ ಮೂಲೆಯಲ್ಲಿ ನಿಂತು ಚಪ್ಪಾಳೆ ಹೊಡೆಯುತ್ತಾನೆ, ಅಷ್ಟೇ, ಎಂದೆ.

“ಗೊತ್ತದ. ಮಂಗಳ ಆದ ಮರುದಿನಾನೇ ಚಿತ್ರ ಎಲ್ಲಾ ನೋಡೀನಿ.”

“ಮತ್ತ್ಯಾಕ ಹಂಗ ಅಂದಿ?”

ಹಗ್ಗ ತುಂಡಾಯಿತು. ಅವಳು ಮುಚ್ಚಳ ತೆಗೆದಳು. ಡಾಂಬರುಗುಳಿಗೆಯ ವಾಸನೆ ಕೋಣೆಯ ತುಂಬ ಬಂತು.

“ಬರಂಗಿಲ್ಲ ಅಂತ ನಾ ಬಂದ ದಿನಾನೇ ಠರಾಯಿಸಿದ್ದೆ, ಹುಚ್ಚಿ. ಹೆಂಗ ಹೇಳಬೇಕು ಅನ್ನೂದು ಗೊತ್ತಿರಲಿಲ್ಲ, ಅಷ್ಟೇ.”

ಎಂದವಳು ಸೀರೆಗಳನ್ನು ಒಂದೊಂದಾಗಿ ಕೊಡವಿ, ಮಡಚಿ, ಗೋಡೆಯ ಕಪಾಟಿನಲ್ಲಿ ಇಡಲೆಂದು ನನ್ನ ಕೈಗೆ ಕೊಡತೊಡಗಿದಳು.